ಅಜ್ಜಿಮರಕ್ಕೆ ಕಟ್ಟೆ ಕಟ್ಟಿದ್ದು

ಪಕ್ಕದ ಮನೆಯ ಹುಡುಗಿಗೆ ಈ ಬೇಸಿಗೆಯಿಂದ ಪಾರ್ಕಿನಲ್ಲಿ ಕೆಲಸ ಸಿಕ್ಕಿದೆ. ಉಯ್ಯಾಲೆ, ಜಾರುಬಂಡೆ ಇರುವ ಪಾರ್ಕಲ್ಲ; ರೆಡ್‌ವುಡ್ ಮರಗಳ ಕಾಡು. ನಾನು ತಲೆ ನರೆಯುವವರೆಗೆ ದುಡಿದ ಜಾಗವೇ. ಮೊನ್ನೆ ಹೊಸ ಯೂನಿಫಾರಮ್ಮು, ಅಗಲ ಅಂಚಿನ ಹ್ಯಾಟು ಹಾಕಿಕೊಂಡು ತೋರಿಸಲು ಬಂದವಳು, "ಆಂಟಿ, ವಾಟ್ ಡಿಡ್ ಯೂ ಆಕ್ಚುಲಿ ಡೂ ಆಲ್ ಡೇ?" ಎಂದು ಕೇಳಿದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

"ಕಕ್ಕಸು ತೊಳೀತಿದ್ದೆ ಕಣೇ" ಎಂದೆ.

ತಮಾಷೆ ಎಂದುಕೊಂಡು ನಕ್ಕಳು. ಸೋಮವಾರ ಬೆಳಿಗ್ಗೆ ಅವಳ ಕೈಗೆ ಬ್ರಷ್ಷು ಕೊಟ್ಟಾಗ ಗೊತ್ತಾಗುತ್ತದೆ. ಕಾಡು ಕಾಯುವ ಕೆಲಸವೆಂದರೆ ಬೆಳಿಗ್ಗೆ ಕಕ್ಕಸು, ಮಧ್ಯಾಹ್ನ ಕಸದ ತೊಟ್ಟಿ, ಸಂಜೆ ದಾರಿ ತಪ್ಪಿದವರನ್ನು ಹುಡುಕುವುದು; ನಡುವೆ ಬಿಡುವಾದರೆ ಮರ. ಅವಳು ಈ ಬರಹವನ್ನು ಓದಲಾರಳು, ಅವಳಮ್ಮ ಓದಿ ಹೇಳಲಿ ಎಂದು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಇಲ್ಲ. ನನಗೆ ಸಿಕ್ಕ ಬಡ್ತಿಗಳಿಂದ ಬದಲಾದದ್ದು ಅಂಗಿಯ ಮೇಲಿನ ಪಟ್ಟಿಯೊಂದೇ.

ನಾನು ಈ ಕೆಲಸಕ್ಕೆ ಬಂದದ್ದೇ ಅಡ್ಡದಾರಿಯಲ್ಲಿ. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಸಾಂಟಾ ಕ್ಲಾರಾಕ್ಕೆ ಬಂದೆ. ಗಂಡನಿಗೆ ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಯಲ್ಲಿ ಕೆಲಸ. ನನಗೆ ಕೆಲಸ ಮಾಡಲು ಅನುಮತಿಯೇ ಇಲ್ಲದ ವೀಸಾ. ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಲಾಟು ನೋಡಿ ನೋಡಿ ಸಾಕಾಗಿ, ಬೆಟ್ಟದ ಮೇಲಿನ ಕಾಡಿನಲ್ಲಿ ಪುಗಸಟ್ಟೆ ಸೇವೆಗೆ ಸೇರಿಕೊಂಡೆ. ಗ್ರೀನ್ ಕಾರ್ಡು ಬಂದ ಮೇಲೆ ಅವರೇ ಕರೆದು ಕೆಲಸ ಕೊಟ್ಟರು. ನಮ್ಮ ಕನ್ನಡ ಬಳಗದಲ್ಲಿ ನಾನು ಬಹಳ ದಿನ ನಗೆಪಾಟಲಾಗಿದ್ದೆ. "ಯಜಮಾನ್ರದ್ದು ಚಿಪ್ಪು, ನಿಮ್ಮದು ಸೊಪ್ಪು" ಎಂದು ಪಾಟ್‌ಲಕ್ ಎಂಬ, ಮನೆಗೊಂದು ಅಡುಗೆ ತರುವ ಊಟದಲ್ಲಿ ಒಬ್ಬರು ಛೇಡಿಸಿದ್ದು ವರ್ಷಗಟ್ಟಲೆ ಓಡಿತು. ನಾನೂ ಸುಮ್ಮನಿರುವವಳಲ್ಲ. "ಸೊಪ್ಪು ವರ್ಷ ವರ್ಷ ಚಿಗುರತ್ತೆ, ಚಿಪ್ಪು ಹಳೇದಾದ್ರೆ ಬಿಸಾಕ್ತೀರಿ" ಎನ್ನುತ್ತಿದ್ದೆ.

ನನ್ನ ಮೊದಲ ಮೇಲಧಿಕಾರಿಯ ಹೆಸರು ಡೇಲ್. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಧ್ವನಿ. ಅವನಪ್ಪ, ತಾತ ಇಬ್ಬರೂ ಇದೇ ಬೆಟ್ಟಗಳಲ್ಲಿ ಮರ ಕಡಿಯುತ್ತಿದ್ದವರು. "ನಮ್ಮ ಮನೆತನದವರು ಕಡಿದು ಬಿಟ್ಟ ಚೂರುಪಾರನ್ನು ನಾನು ಕಾಯುತ್ತಿದ್ದೇನೆ" ಎಂದು ಹೇಳುತ್ತಿದ್ದ. ಅದನ್ನು ಅವನು ನಗುತ್ತಲೇ ಹೇಳಿದರೂ ಕೇಳಿದವರಿಗೆ ನಗು ಬರುತ್ತಿರಲಿಲ್ಲ. ಆ ಬೆಟ್ಟಗಳಲ್ಲಿ ಕೊಡಲಿ ಕಾಣದ ಹಳೆಯ ಮರಗಳು ಉಳಿದದ್ದು ಒಂದೇ ಒಂದು ಕಣಿವೆಯ ತೋಪಿನಲ್ಲಿ. ಅದರ ನಡುವೆ ಎಲ್ಲಕ್ಕಿಂತ ಹಿರಿಯ ಮರ ಒಂದಿತ್ತು. ಹತ್ತು ಜನ ಕೈಕೈ ಹಿಡಿದರೂ ಅಪ್ಪುಗೆಗೆ ಸಿಗುತ್ತಿರಲಿಲ್ಲ. ಡೇಲ್ ಅದನ್ನು ಮುದುಕಿ ಎಂದು ಕರೆಯುತ್ತಿದ್ದ. ನಾನು ಮನಸ್ಸಿನಲ್ಲೇ ಅಜ್ಜಿಮರ ಎಂದುಕೊಂಡೆ.

ಮೊದಲ ದಿನ ಅಜ್ಜಿಮರದ ಕೆಳಗೆ ನಿಂತು, ಬಂದವರೆಲ್ಲ ಮಾಡುವಂತೆ, ಕತ್ತು ನೋಯುವವರೆಗೆ ಮೇಲೆ ನೋಡಿದೆ. ಡೇಲ್ ಒಂದು ಕಬ್ಬಿಣದ ಸಲಾಕೆಯನ್ನು ನನ್ನ ಕೈಗಿತ್ತ. "ಮೇಲೆ ನೋಡುವುದಕ್ಕೆ ಜನ ಇದ್ದಾರೆ. ನಿನಗೆ ಸಂಬಳ ಕೊಡುವುದು ಕೆಳಗೆ ನೋಡುವುದಕ್ಕೆ" ಎಂದ. ಯಾರೂ ತುಳಿಯದ ಕಡೆ ಸಲಾಕೆಯನ್ನು ಊರಿದರೆ, ಇಡ್ಲಿ ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುತ್ತೇವಲ್ಲ, ಅಷ್ಟು ಸಲೀಸಾಗಿ ಇಳಿಯಿತು. ಜನ ಓಡಾಡುವ ಕಡೆ ಊರಿದರೆ ಟಣ್ ಎಂದು ಕೈ ಜುಮ್ಮೆಂದಿತು. ರೆಡ್‌ವುಡ್‌ಗೆ ತಾಯಿಬೇರಿಲ್ಲ. ಮುಗಿಲು ಮುಟ್ಟುವ ಮರದ ಬೇರು ಒಂದೆರಡು ಆಳಿನಷ್ಟು ಆಳದಲ್ಲೇ, ಆದರೆ ದೂರ ದೂರಕ್ಕೆ ಹರಡಿ ಅಕ್ಕಪಕ್ಕದ ಮರಗಳ ಬೇರಿನೊಂದಿಗೆ ಹೆಣೆದುಕೊಂಡಿರುತ್ತದೆ. ಮಣ್ಣು ಗಟ್ಟಿಯಾದರೆ ಬೇರಿಗೆ ನೀರಿಲ್ಲ, ಉಸಿರಿಲ್ಲ. ಕೊಡಲಿಯ ಏಟಾದರೆ ಕಾಣುತ್ತದೆ, ಕಾಲ್ತುಳಿತ ಕಾಣುವುದಿಲ್ಲ. ನನ್ನ ಇಡೀ ವೃತ್ತಿ ಆ ಸಲಾಕೆಯ ತುದಿಯಲ್ಲೇ ಕಳೆಯಿತು ಎಂದರೂ ತಪ್ಪಲ್ಲ.

ಕೆಲಸದ ಕ್ರಮಗಳು ನಾನಿದ್ದಾಗಲೇ ತಲೆಕೆಳಗಾದವು. ಮೊದಲೆಲ್ಲ ಬಿದ್ದ ಮರವನ್ನು ಗರಗಸದಿಂದ ತುಂಡರಿಸಿ ಸಾಗಿಸಿ, ಜಾಗ ಚೊಕ್ಕ ಮಾಡುತ್ತಿದ್ದೆವು. ಆಮೇಲೆ ಬಿದ್ದದ್ದು ಬಿದ್ದಲ್ಲೇ ಇರಲಿ, ದಾರಿಯನ್ನೇ ಸುತ್ತು ಹಾಕಿಸಿ ಎಂಬ ಆದೇಶ ಬಂತು. "ಸೋಮಾರಿತನಕ್ಕೆ ಹೊಸ ಹೆಸರು" ಎಂದು ಡೇಲ್ ಗೊಣಗಿದ. ಒಂದು ಮಳೆಗಾಲದಲ್ಲಿ ಬಿದ್ದ ಮರವನ್ನು ಹಾಗೇ ಬಿಟ್ಟೆವು. ಕೆಲವು ವರ್ಷಗಳಲ್ಲಿ ಅದರ ಬೆನ್ನ ಮೇಲೆ ಹಕಲ್‌ಬೆರಿ ಗಿಡ, ಜರಿಗಿಡ ಎದ್ದವು, ತೊಗಟೆಯ ಸಂದಿಯಲ್ಲಿ ಹಲ್ಲಿಯಂಥ ಸಾಲಮಾಂಡರ್‌ಗಳು ಮನೆ ಮಾಡಿದವು. ಡೇಲ್ ಊಟದ ಡಬ್ಬಿ ಹಿಡಿದುಕೊಂಡು ದಿನಾ ಅಲ್ಲಿಗೇ ಹೋಗಿ ಕೂರತೊಡಗಿದ.

ಆಮೇಲೆ ಡಾಟ್‌ಕಾಮ್ ಎಂಬ ಇಂಟರ್ನೆಟ್ ಕಂಪನಿಗಳ ಅಬ್ಬರ ಶುರುವಾಯಿತು. ಬೆಟ್ಟದ ಕೆಳಗಿನ ಸಾಂಟಾ ಕ್ಲಾರಾ ಕಣಿವೆಯಲ್ಲಿ ದಿನಕ್ಕೊಂದು ಕಂಪನಿ ಹುಟ್ಟುತ್ತಿತ್ತು, ಹುಟ್ಟಿದ ಕಂಪನಿಗಳೆಲ್ಲ ತಮ್ಮ ಜನರನ್ನು ಒಗ್ಗೂಡಿಸಲು ನಮ್ಮ ಕಾಡಿಗೆ ಕರೆತರುತ್ತಿದ್ದವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಂದಕ್ಕೆ ಬೀಳುವುದು, ಸಹೋದ್ಯೋಗಿಗಳು ಹಿಡಿದುಕೊಳ್ಳುವುದು, ಇದೊಂದು ಆಟ. ಸೆಲ್‌ಫೋನಿಗೆ ಸಿಗ್ನಲ್ಲು ಸಿಗುವುದಿಲ್ಲ ಎಂಬುದನ್ನು ನಾನೇ ಮಾಡಿದ ಕುತಂತ್ರ ಎಂಬಂತೆ ನನ್ನ ಮೇಲೆ ರೇಗುವುದು ಇನ್ನೊಂದು ಆಟ. ಒಬ್ಬ ಹುಡುಗು ಮುಖದ ಯಜಮಾನ, ತನ್ನ ಕಂಪನಿಯ ಹೆಸರಿನ ಬ್ಯಾನರನ್ನು ಅಜ್ಜಿಮರಕ್ಕೆ ಕಟ್ಟಬೇಕೆಂದು ಹಟ ಹಿಡಿದ. ಒಂದೇ ದಿನ, ಇಷ್ಟು ವರ್ಷ ಬದುಕಿದ ಮರಕ್ಕೆ ಒಂದು ದಿನ ಯಾವ ಲೆಕ್ಕ ಎಂದ. "ನಿಮ್ಮದು ಒಂದೇ ದಿನ. ಹಾಗೆ ಕೇಳಿಕೊಂಡು ಬರುವವರು ದಿನಕ್ಕೊಬ್ಬರು" ಎಂದೆ. ಮುಖ ಸಿಂಡರಿಸಿಕೊಂಡು ಹೋದ. ಮುಂದಿನ ವರ್ಷ ಆ ಕಂಪನಿಯೇ ಇರಲಿಲ್ಲ. ನನಗೆ ಸಂತೋಷವೇನೂ ಆಗಲಿಲ್ಲ, ಅಲ್ಲಿದ್ದ ಹುಡುಗರಲ್ಲಿ ಅರ್ಧ ಜನ ನಮ್ಮ ಊರುಗಳವರು.

ಅದೇ ಕಾಲದಲ್ಲಿ ನಿಂಗಮ್ಮ ಬಂದರು.

ನಿಂಗಮ್ಮ ಮಂಡ್ಯ ಕಡೆಯವರು. ಮಗ ಮಂಜುನಾಥ್ ಫಾಸ್ಟರ್ ಸಿಟಿಯ ಒಂದು ಹೊಸ ಕಂಪನಿಯಲ್ಲಿ ಇಂಜಿನಿಯರ್, ಮನೆ ಯೂನಿಯನ್ ಸಿಟಿ. ಮೊಮ್ಮಗುವನ್ನು ನೋಡಿಕೊಳ್ಳಲು ಬಂದು ಇಲ್ಲೇ ನಿಂತಿದ್ದರು. ಒಂದು ಶನಿವಾರ ಮಗ ಕಾಡು ತೋರಿಸಲು ಕರೆತಂದ. ಅಜ್ಜಿಮರ ಕಂಡದ್ದೇ ನಿಂಗಮ್ಮ ಚಪ್ಪಲಿ ಬಿಟ್ಟರು, ಸೆರಗು ಹೊದ್ದರು, ಮರದ ಸುತ್ತ ಪ್ರದಕ್ಷಿಣೆ ಹೊರಟರು. ಸುತ್ತು ಮುಗಿಸಿ ನನ್ನ ಯೂನಿಫಾರಮ್ಮನ್ನೂ, ಹಣೆಯ ಕುಂಕುಮವನ್ನೂ ಒಟ್ಟಿಗೆ ನೋಡಿ, "ನೀ ಇಲ್ಲಿ ಪೂಜಾರವ್ವನಾ?" ಎಂದು ಕೇಳಿದರು.

"ಇಲ್ಲಮ್ಮಾ, ಗಾರ್ಡು" ಎಂದೆ.

"ಎಲ್ಡೂ ಒಂದೇ ಬುಡು."

ಮುಂದಿನ ಶನಿವಾರ ಎರಡು ವ್ಯಾನು ಬಂತು, ಅದರ ಮುಂದಿನ ಶನಿವಾರ ಇನ್ನೂ ಹೆಚ್ಚು. ಮಂಡ್ಯ, ಹಾಸನ, ಬೆಂಗಳೂರು ಕಡೆಯ ಸಂಸಾರಗಳು, ಪುಳಿಯೋಗರೆ, ಮೊಸರನ್ನದ ಡಬ್ಬಿಗಳು, ಮಕ್ಕಳ ಗಲಾಟೆ. ವಾರವೆಲ್ಲ ಮೀಟಿಂಗು, ಫ್ರೀವೇ, ಡೇಕೇರು ಎಂದು ಓಡಾಡಿದವರು ಇಲ್ಲಿ ಬಂದು ಮರ ಸುತ್ತುತ್ತಿದ್ದರು. ನನಗೂ ಶನಿವಾರವೆಂದರೆ ಹಬ್ಬ. ವಾರಕ್ಕೊಮ್ಮೆ ಕಾಡಿನಲ್ಲಿ ಕನ್ನಡ ಕೇಳುವುದು ಎಂಥ ಸುಖ ಎಂದು ಊರಿನಲ್ಲೇ ಇರುವವರಿಗೆ ಹೇಗೆ ತಿಳಿಸಲಿ?

ಆದರೆ ಕೈಯಲ್ಲಿ ಸಲಾಕೆ ಇತ್ತಲ್ಲ. ಕೆಲವೇ ತಿಂಗಳಲ್ಲಿ ಮರದ ಬುಡದ ಸುತ್ತ ಬಳೆಯಂತೆ ಒಂದು ದಾರಿ ಮೂಡಿತು. ಊರಿದರೆ ಟಣ್. ನಮ್ಮವರಷ್ಟೇ ಅಲ್ಲ, ಕಂಪನಿಗಳವರು, ಫೋಟೋದವರು, ಎಲ್ಲರೂ ಈಗ ಆ ದಾರಿಯಲ್ಲೇ ನಡೆಯತೊಡಗಿದ್ದರು. ನಾನು ಮಂಜುನಾಥನಿಗೆ ಹೇಳಿದೆ. ಪಾಪ, ಅವನು ತುಂಬ ನೊಂದುಕೊಂಡ. "ನಾವೇ ಫಿಕ್ಸ್ ಮಾಡ್ತೀವಿ ಮೇಡಂ. ಸೇವೆ ಅಂದ್ರೆ ಎಲ್ರೂ ಬರ್ತಾರೆ, ಒಂದು ಈಮೇಲ್ ಹಾಕಿದ್ರೆ ಸಾಕು" ಎಂದ. ಡೇಲ್ ಒಪ್ಪಿದ. ಅಕ್ಟೋಬರಿನ ಒಂದು ಶನಿವಾರ ಸೇವೆಯ ದಿನ ಗೊತ್ತಾಯಿತು.

ಕೆಲಸ ಸಣ್ಣದು. ಗಟ್ಟಿಯಾದ ನೆಲವನ್ನು ಕೈಗುದ್ದಲಿಯಿಂದ ತುಸು ಸಡಿಲಿಸಿ, ಮೇಲೆ ಮರದ ಚಕ್ಕೆಪುಡಿಯನ್ನು ತೆಳ್ಳಗೆ ಹರಡಬೇಕು, ಒಳಗೆ ಯಾರೂ ಹೋಗದಂತೆ ಒಣಕೊಂಬೆಗಳನ್ನು ಅಡ್ಡ ಹಾಕಬೇಕು. ಮಾಡಿ ತೋರಿಸಿದೆ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ರೇಡಿಯೋದಲ್ಲಿ ಕರೆ ಬಂತು, ಕಣಿವೆಯ ಆಚೆ ಬದಿಯಲ್ಲಿ ಒಬ್ಬಾಕೆ ಬಿದ್ದು ಕಾಲು ಉಳುಕಿಸಿಕೊಂಡಿದ್ದಾಳೆ. ಡೇಲ್ ರಜೆಯಲ್ಲಿದ್ದ. ನಾನು ಓಡಿದೆ.

ಆಕೆಯನ್ನು ಕೆಳಗಿಳಿಸಿ ಆಂಬುಲೆನ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ಊಟದ ಹೊತ್ತು. ತೋಪಿನ ತಿರುವಿನಲ್ಲಿ ನನ್ನ ಕಾಲು ನಿಂತುಬಿಟ್ಟಿತು.

ಅಜ್ಜಿಮರದ ಸುತ್ತ ಮಂಡಿಯೆತ್ತರದ ಕಟ್ಟೆ ಎದ್ದಿತ್ತು.

ನಾನು ಹೋದ ಮೇಲೆ ನಿಂಗಮ್ಮ ಚಕ್ಕೆಪುಡಿಯ ಮೂಟೆಗಳನ್ನು ನೋಡಿ, "ಇಷ್ಟು ದೊಡ್ಡ ದ್ಯಾವ್ರ ಮರಕ್ಕೆ ಒಸಿ ಹೊಟ್ಟು ಉದುರ್ಸಿ ಓಗಾದಾ? ಕಟ್ಟೆ ಇಲ್ದಿದ್ಕೇ ಅಲ್ವಾ ಜನ ಬೇರು ತುಳಿಯಾದು?" ಎಂದರಂತೆ. ಊರಿನಲ್ಲಿ ಅರಳಿಮರಕ್ಕೆ ಏನು ಮಾಡುತ್ತಾರೆ? ಕಟ್ಟೆ ಕಟ್ಟುತ್ತಾರೆ. ಅಲ್ಲಿದ್ದ ಒಬ್ಬರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ನಮ್ಮ ಇಂಜಿನಿಯರುಗಳು ಸಾಲಾಗಿ ನಿಂತು ತೋಪಿನ ಪಕ್ಕದ ಹಳ್ಳದಿಂದ ಕೈಯಿಂದ ಕೈಗೆ ಕಲ್ಲು ದಾಟಿಸಿ ಸುತ್ತ ಜೋಡಿಸಿದ್ದರು. ಹಳ್ಳದ ದಂಡೆಯ ಮೆಕ್ಕಲುಮಣ್ಣನ್ನು ಬಕೆಟ್ಟುಗಳಲ್ಲಿ ಹೊತ್ತು ಒಳಗೆ ತುಂಬಿದ್ದರು. ಹೆಂಗಸರು ಸುತ್ತಲಿನ ಒಣಗಿದ ಸೂಜಿಯಂಥ ಎಲೆಗಳನ್ನೆಲ್ಲ ಅಂಗಳ ಗುಡಿಸಿದಂತೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟು, ತೊಗಟೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ಬೆವರು ಸುರಿಸುತ್ತ ಮಂಜುನಾಥ್ ಓಡಿಬಂದ.

"ಮೇಡಂ, ಸಂಜೆ ಅಂತ ಎಸ್ಟಿಮೇಟು ಹಾಕಿದ್ವಿ, ಲಂಚ್‌ಗೇ ಡೆಲಿವರ್ ಮಾಡ್ಬಿಟ್ವಿ!"

ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕೆ ಮೊದಲು ಬಂದದ್ದು ಬೇರೆ. ಆ ಕಟ್ಟೆ ಅಲ್ಲಿ ಎಷ್ಟು ಒಪ್ಪುತ್ತಿತ್ತೆಂದರೆ, ಅದರ ಮೇಲೆ ಕೂತು ಕಾಲು ಇಳಿಬಿಡಬೇಕು ಎನ್ನಿಸಿತು. ಆಮೇಲೆ ನನ್ನ ಕೆಲಸ ನೆನಪಾಯಿತು. ಸಾವಿರ ವರ್ಷ ಯಾರೂ ಕೈಹಚ್ಚದೆ ಉಳಿದ ಬುಡದ ಮೇಲೆ ಮಣ್ಣಿನ ಹೊರೆ, ಸರ್ಕಾರಿ ಪಾರ್ಕಿನ ನಡುವೆ ದೇವರಕಟ್ಟೆ, ಅದೂ ನಾನು ಉಸ್ತುವಾರಿಯಲ್ಲಿದ್ದಾಗ. ಇದನ್ನು ತೆಗೆಯಬೇಕಾಗುತ್ತದೆ ಎಂದೆ. ಎಲ್ಲರ ಮುಖವೂ ಬಾಡಿತು. ನಿಂಗಮ್ಮ ಮಾತ್ರ ನನ್ನನ್ನು ದಿಟ್ಟಿಸಿ, "ದ್ಯಾವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ದಿಟ ಕನವ್ವ" ಎಂದರು.

ಸೋಮವಾರ ಡೇಲ್ ಬಂದು ನೋಡಿದ. ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಂದು ಸುತ್ತು ಬಂದ. "ಚೆನ್ನಾಗಿ ಕಟ್ಟಿದ್ದಾರೆ. ತೆಗೆಸಬೇಕು" ಎಂದ, ಎರಡನ್ನೂ ಒಂದೇ ಉಸಿರಿನಲ್ಲಿ. ಅಂದೇ ತೆಗೆಸಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭಾನುವಾರವೇ ಯಾರೋ ಸಂದರ್ಶಕರು ಫೋಟೋ ಹಿಡಿದು, ಎಲ್ಲರ ಕಾಡನ್ನು ಕೆಲವರು ಗುಡಿ ಮಾಡಿಕೊಂಡಿದ್ದಾರೆ ಎಂದು ದೊಡ್ಡ ಆಫೀಸಿಗೆ ದೂರು ಕೊಟ್ಟಾಗಿತ್ತು. ಪರಿಶೀಲನೆ ಆಗುವವರೆಗೆ ಯಾರೂ ಒಂದು ಕಲ್ಲನ್ನೂ ಅಲುಗಿಸಕೂಡದು ಎಂದು ಅಲ್ಲಿಂದ ಆದೇಶ ಬಂತು. ಅಲ್ಲಿನ ಹಿರಿಯ ಅಧಿಕಾರಿ ಲಿಂಡಾ, ಕೆಟ್ಟವಳಲ್ಲ, ಅಳೆದು ತೂಗಿ ಮಾತಾಡುವವಳು. ನನ್ನನ್ನು ಕರೆಸಿ ಹೇಳಿದಳು: ಮರಕ್ಕೆ ಪೆಟ್ಟಾಗಿದೆ ಎಂದು ಪರಿಶೀಲನೆಯಲ್ಲಿ ತಿಳಿದರೆ ಇಡೀ ತೋಪಿಗೆ ಬೇಲಿ ಹಾಕಿ ಬೀಗ ಜಡಿಯುತ್ತೇವೆ, ಕೀಲಿ ನಮ್ಮ ವಿಜ್ಞಾನಿಗಳ ಹತ್ತಿರ ಮಾತ್ರ. "ನಿಮ್ಮ ಜನಕ್ಕೆ ಇದನ್ನು ನೀವೇ ತಿಳಿಸಿ" ಎಂದಳು.

ಆ ವಾರದ ಪಾಟ್‌ಲಕ್ಕಿನಲ್ಲಿ ನಮ್ಮ ಜನ ನನ್ನನ್ನು ಸುತ್ತುವರಿದರು. "ನಮ್ಮೋರಾಗಿ ನೀವೇ ಹಿಂಗಂದ್ರೆ ಹೇಗೆ? ನಿಮ್ಮ ಆಫೀಸಿನೋರಿಗೆ ಸ್ವಲ್ಪ ಹೇಳ್ಬಾರ್ದಾ?" ಎಂದರು. ಲಿಂಡಾಗೆ ಇವರು ನಿಮ್ಮ ಜನ, ಇವರಿಗೆ ಲಿಂಡಾ ನಿಮ್ಮ ಆಫೀಸಿನವಳು. ಅತ್ತ ದರಿ, ಇತ್ತ ಪುಲಿ. ಮನೆಗೆ ಬಂದು ಗಂಡನ ಮೇಲೆ ಕಾರಣವಿಲ್ಲದೆ ರೇಗಿದೆ.

ನನ್ನ ಭಯ ಕೆಲಸ ಹೋಗುವುದರ ಬಗ್ಗೆ ಅಲ್ಲ. ಬೀಗದ ಬಗ್ಗೆ. ಡೇಲ್ ತನ್ನ ಸೇವಾವಧಿಯ ಉದ್ದಕ್ಕೂ ಆ ತೋಪಿಗೆ ಬೇಲಿ ಬೇಡವೆಂದು ಜಗಳ ಕಾದಿದ್ದ. ಬೇಲಿಯಾಚೆ ನಿಂತು ನೋಡುವುದಾದರೆ ಫೋಟೋವೇ ಸಾಕಲ್ಲ ಎನ್ನುತ್ತಿದ್ದ. ಕಿಟಕಿ ಹೊರಗೆ ಕಾರುಗಳನ್ನು ಎಣಿಸುತ್ತ ಕೂತಿದ್ದ ನನ್ನಂಥವಳು ಬದುಕಿಕೊಂಡದ್ದೇ ಆ ತೋಪಿಗೆ ಬಾಗಿಲಿಲ್ಲದ್ದರಿಂದ. ನಮ್ಮವರ ಭಕ್ತಿಯೇ ಅದಕ್ಕೆ ಬೀಗವಾಗುತ್ತದೆ ಎಂದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಕಚೇರಿಯ ಕೆಲಸ ಕಚೇರಿಯ ವೇಗದಲ್ಲೇ ನಡೆಯಿತು. ಇಲ್ಲಿ ಚಳಿಗಾಲವೇ ಮಳೆಗಾಲ, ಆಗ ಅಗೆಯಕೂಡದು, ಮಣ್ಣು ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಅಗೆಯಕೂಡದು, ಅಪರೂಪದ ಹಕ್ಕಿಯೊಂದು ಮೊಟ್ಟೆಯಿಡುವ ಕಾಲ. ಮತ್ತೆ ಮಳೆಗಾಲ. ಕಟ್ಟೆಯ ಸುತ್ತ ಹಳದಿ ಹಗ್ಗ ಕಟ್ಟಿದೆವು. ಜನ ಹಗ್ಗದ ಹೊರಗೆ ನಿಂತು ನೋಡಿ ಹೋಗುತ್ತಿದ್ದರು. ನಿಂಗಮ್ಮನೂ ಬರುತ್ತಿದ್ದರು, ಹಗ್ಗದ ಹೊರಗಿಂದಲೇ ಕೈಮುಗಿದು, ನನ್ನ ಮುಖ ನೋಡದೆ ಹೋಗುತ್ತಿದ್ದರು. ಈ ನಡುವೆ ಡೇಲ್ ನಿವೃತ್ತನಾದ. ಕೆಳಗಿನ ಕಣಿವೆಯಲ್ಲಿ ಕಂಪನಿಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಕಾಡಿಗೆ ಬರುವ ಆಫೀಸು ಗುಂಪುಗಳು ನಿಂತವು. ವಾರದ ನಡುವೆ ಒಬ್ಬೊಬ್ಬರೇ ಬಂದು ಸುಮ್ಮನೆ ಕೂರುವ ಗಂಡಸರು ಹೆಚ್ಚಾದರು.

ಕೊನೆಗೆ ಒಂದು ಶರತ್ಕಾಲದಲ್ಲಿ ಹಕ್ಕಿಗಳ ಕಾಲ ಮುಗಿದು ಮಳೆ ಇನ್ನೂ ಹಿಡಿಯದಿದ್ದಾಗ ಪರಿಶೀಲನೆ ನಡೆಯಿತು. ಲಿಂಡಾ, ಹೊರಗಿನಿಂದ ಬಂದ ಒಬ್ಬ ಮರದ ತಜ್ಞ, ನಾನು. ಡೇಲ್ ಕರೆಯದಿದ್ದರೂ ಬಂದಿದ್ದ, ಮಾಮೂಲಿ ಅಂಗಿಯಲ್ಲಿ ಬೇರೆ ಯಾರೋ ಆಗಿ ಕಂಡ. ತಜ್ಞ ಒಂದು ಕಡೆಯ ಕಲ್ಲು ಸರಿಸಿ, ಪುಟ್ಟ ಬ್ರಷ್ಷಿನಿಂದ ಮಣ್ಣು ಕೆರೆಯತೊಡಗಿದ. ಅವನ ಕೈ ನಿಂತಿತು. ನಮ್ಮನ್ನು ಹತ್ತಿರ ಕರೆದ.

ಮಣ್ಣಿನ ತುಂಬ ಬೇರು. ದಾರದೆಳೆಯಂಥ, ಕೆಂಪು ಬಣ್ಣದ, ಎಳೆಯ ಬೇರು. ಅಜ್ಜಿಮರ ತನ್ನ ಹಳೆಯ ಬೇರುಗಳಿಂದ ಮೇಲ್ಮುಖವಾಗಿ ಹೊಸ ಬೇರುಗಳನ್ನು ಬಿಟ್ಟು, ನಮ್ಮವರು ಬಕೆಟ್ಟಿನಲ್ಲಿ ಹೊತ್ತು ತಂದ ಮಣ್ಣನ್ನು ಹೊಕ್ಕಿತ್ತು. ಈ ಮರಗಳು ಹುಟ್ಟಿದಾಗಿನಿಂದ ಹಳ್ಳದ ನೆರೆ ಕಂಡಿವೆ, ನೆರೆ ತಂದು ಸುರಿದ ಮೆಕ್ಕಲಿನಲ್ಲಿ ಹೊಸದಾಗಿ ಬೇರೂರುವುದು ಇವುಗಳ ಹಳೆಯ ಅಭ್ಯಾಸ ಎಂದು ತಜ್ಞ ಹೇಳಿದ. ಮರದ ಮಟ್ಟಿಗೆ ನಿಂಗಮ್ಮನ ಸೈನ್ಯ ಒಂದು ಸಣ್ಣ ನೆರೆ. ಕಲ್ಲು ತೆಗೆಯಿರಿ, ಮಣ್ಣು ಕೆದಕಬೇಡಿ, ಕೆದಕಿದರೆ ಈಗ ಪೆಟ್ಟಾಗುತ್ತದೆ ಎಂದ. ಡೇಲ್ ಜೋರಾಗಿ ನಕ್ಕ. ನಾನು ಬಗ್ಗಿ ಆ ಬೇರುಗಳನ್ನು ಮತ್ತೊಮ್ಮೆ ನೋಡಿದೆ.

ಆದರೆ ತಜ್ಞ ಅಷ್ಟಕ್ಕೆ ನಿಲ್ಲಿಸಲಿಲ್ಲ. ಕಟ್ಟೆಯ ಹೊರಗೆ, ಜನ ನಡೆದು ನಡೆದು ಗಟ್ಟಿಯಾದ ಜಾಗದಲ್ಲೂ ಅಗೆದ. ಅಲ್ಲಿ ಒಂದು ಎಳೆ ಬೇರೂ ಇರಲಿಲ್ಲ. ಬರೀ ಸಿಮೆಂಟಿನಂಥ ಮಣ್ಣು. ಕಟ್ಟೆ ಮರವನ್ನು ನೋಯಿಸಿರಲಿಲ್ಲ. ಕಾಲುಗಳು ನೋಯಿಸಿದ್ದವು, ನಮ್ಮವರದು, ಕಂಪನಿಯವರದು, ಬಹುಶಃ ದೂರು ಕೊಟ್ಟವರದೂ. ಲಿಂಡಾ ಆ ಗುಂಡಿಯನ್ನು ಬಗ್ಗಿ ನೋಡಿ, "ಹಾಗಾದರೆ ಬೇಲಿಯೇ ಸರಿ. ಒಬ್ಬರಿಗಲ್ಲ, ಎಲ್ಲರಿಗೂ" ಎಂದಳು. ತೀರ್ಮಾನಕ್ಕೆ ಮುಂದಿನ ವಾರ ಮೀಟಿಂಗು ಇಟ್ಟಳು.

ಆ ಶನಿವಾರ ನಿಂಗಮ್ಮ ಬಂದರು. ಜೊತೆಗೆ ಮಂಜುನಾಥ್, ಗಡ್ಡ ಬಿಟ್ಟಿದ್ದ. ಕಂಪನಿ ಮುಚ್ಚಿತ್ತು, ವೀಸಾ ಹೋಗಿತ್ತು, ಊರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ನಿಂಗಮ್ಮ ಹಳೆಯ ಮುನಿಸನ್ನು ಬಿಟ್ಟು ನನ್ನ ಕೈ ಹಿಡಿದುಕೊಂಡರು.

"ಸರೋಜವ್ವ, ನಾವು ಓಯ್ತಾ ಇವಿ. ಹಗ್ಗ ಒಸಿ ಎತ್ತು. ಒಂದೇ ಒಂದು ಸುತ್ತು ಬಂದ್‌ಬುಡ್ತೀನಿ."

ನಾನು ಆಗುವುದಿಲ್ಲ ಎಂದೆ. ನನ್ನ ಕೆಲಸದಲ್ಲಿ ಕಳ್ಳರನ್ನು ಹಿಡಿದಿದ್ದೇನೆ, ಕುಡುಕರನ್ನು ಓಡಿಸಿದ್ದೇನೆ. ಆ ಮಾತಿನಷ್ಟು ಕಷ್ಟದ್ದನ್ನು ಯಾವತ್ತೂ ಆಡಿಲ್ಲ. ಅಷ್ಟಕ್ಕೇ ಬಿಡಲಾರದೆ ಸಲಾಕೆಯನ್ನು ಅವರ ಕೈಗೇ ಕೊಟ್ಟು ಊರಿಸಿದೆ. ಟಣ್ ಎಂದಿತು. ಆಚೆ ಮೆತ್ತಗಿನ ನೆಲದಲ್ಲಿ ಊರಿಸಿದೆ, ಇಳಿಯಿತು. ಬೇರು ಇಲ್ಲಿಂದ ಶುರುವಾಗಿ ಅಗೋ ಆ ಮರ, ಈ ಮರ, ಅದರಾಚೆಯ ಮರಗಳವರೆಗೆ ಹೋಗಿ ಹೆಣೆದುಕೊಂಡಿದೆ ಎಂದು ಕೈ ತೋರಿಸಿದೆ.

"ಅಲ್ಲೀಗಂಟ ಬೇರು ಅದಾ?"

"ಅಲ್ಲೀ ತನಕ ಇದೆ ಅಮ್ಮಾ."

"ಅಂಗಾರೆ ಇಲ್ಲಿ ಬುಡ ಸುತ್ತಿದ್ರೆ ಅರ್ಧ ಮರಾನೂ ಸುತ್ತಿದಂಗಾಗಾಕಿಲ್ಲ" ಎಂದರು ನಿಂಗಮ್ಮ, ತಾವೇ ಮೋಸಹೋದವರಂತೆ. ತೋಪಿನ ಹೊರ ಅಂಚಿನಲ್ಲಿ, ಹಿಂದೆ ಮರ ಕಡಿದು ಸಾಗಿಸುತ್ತಿದ್ದ ಕಾಲದ ಹಳೆಯ ಗಾಡಿದಾರಿ ಒಂದಿದೆ. ಡೇಲನ ತಾತನ ಕಾಲದ್ದು, ಎಂದೋ ಗಟ್ಟಿಯಾದ ನೆಲ. ಅವರು ಅದನ್ನು ಹಿಡಿದು ಹೊರಟರು. ಮಂಡಿನೋವಿಗೆ ಮಗನನ್ನು, ನನ್ನನ್ನು, ಅಮೆರಿಕದ ಚಳಿಯನ್ನು ಬಯ್ಯುತ್ತ, ನಡುನಡುವೆ ಕೂರುತ್ತ, ಇಡೀ ತೋಪನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದರು. ನಾನು ಜೊತೆಯಲ್ಲೇ ನಡೆದೆ. ಆ ದಾರಿಯಿಂದ ಅಜ್ಜಿಮರ ಒಂದೊಂದು ತಿರುವಿನಲ್ಲಿ ಒಂದೊಂದು ರೀತಿ ಕಾಣುತ್ತದೆ. ಅಷ್ಟು ವರ್ಷ ಅಲ್ಲಿದ್ದೂ ಅದನ್ನು ನಾನು ಆ ಕಣ್ಣಿನಿಂದ ನೋಡಿರಲಿಲ್ಲ.

ಮೀಟಿಂಗಿಗೆ ಮೊದಲು ಲಿಂಡಾಳನ್ನು ಅದೇ ದಾರಿಯಲ್ಲಿ ನಡೆಸಿದೆ. ಬೇಲಿ ಬೇಡ, ದಾರಿಯನ್ನೇ ಹೊರಗೆ ಸರಿಸೋಣ, ಒಳಗಿನ ನೆಲವನ್ನು ಕಾಡಿಗೇ ಬಿಟ್ಟುಕೊಡೋಣ ಎಂದೆ. ಯಾರ ಯೋಚನೆ ಎಂದು ಕೇಳಿದಳು. ಕಟ್ಟೆ ಕಟ್ಟಿಸಿದವರದ್ದೇ ಎಂದೆ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಪ್ರಯೋಗಕ್ಕೆಂದು ಒಪ್ಪಿದಳು, ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಸೋಮವಾರ ನಮ್ಮ ಹುಡುಗಿ ನಡೆಯುವುದೂ ಅದೇ ದಾರಿಯಲ್ಲಿ. ಮರದ ಬುಡದಲ್ಲಿ ಜರಿಗಿಡ ಮುಚ್ಚಿದ ಒಂದು ದಿಬ್ಬ ಕಾಣುತ್ತದೆ. ಅದು ಏನೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಕಲ್ಲುಗಳನ್ನು ಹಳ್ಳಕ್ಕೆ ಮರಳಿಸಿದ್ದು ಮಂಜುನಾಥ್. ಹೊರಡುವ ಮುಂಚಿನ ದಿನಗಳಲ್ಲಿ ತಾನಾಗಿ ಬಂದು, ಒಂದೊಂದೇ ಕಲ್ಲನ್ನು ಎದೆಗವಚಿಕೊಂಡು ಹೊತ್ತ. ಅಷ್ಟು ಅವಸರ ಏಕೆ, ಬೇರೆಯವರನ್ನೂ ಕರೆಯೋಣ ಎಂದರೆ, "ಬೇಡ ಮೇಡಂ. ಇದನ್ನಾದ್ರೂ ನಾನು ಕಂಪ್ಲೀಟ್ ಮಾಡಿ ಹೋಗ್ತೀನಿ" ಎಂದ. ನಾನೂ ಕೈಜೋಡಿಸಿದೆ.

ಕೊನೆಯ ದಿನ ಏರ್‌ಪೋರ್ಟಿಗೆ ಹೋಗುವ ಮೊದಲು ಬೆಟ್ಟ ಹತ್ತಿ ಬಂದರು. ಕಾರಿನಲ್ಲಿ ಸೊಸೆ, ನಿದ್ದೆಹೋದ ಮಗು, ಡಿಕ್ಕಿಯ ತುಂಬ ಸೂಟ್‌ಕೇಸು. ನಿಂಗಮ್ಮ ಕೆಳಗಿಳಿಯಲಿಲ್ಲ, ಮಂಡಿ ಕೈಕೊಟ್ಟಿತ್ತು. ಕಿಟಕಿಯ ಗಾಜು ಇಳಿಸಿ ಕೇಳಿದರು.

"ಮರ ಏನಂತವ್ವ? ನಮ್ಮ ಕಟ್ಟೆ ಒಪ್ಕತ್ತಾ?"

"ಮಣ್ಣು ಒಪ್ಪಿಕೊಳ್ತು ಅಮ್ಮಾ. ಒಳಗೆಲ್ಲಾ ಬೇರು ಬಿಟ್ಟಿದೆ. ಕಲ್ಲು ಮಾತ್ರ ಬೇಡ ಅಂತು."

ಅವರು ಸ್ವಲ್ಪ ಹೊತ್ತು ತೋಪಿನ ಕಡೆ ನೋಡಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಸಾಕು ಬುಡವ್ವ" ಎಂದರು. "ನಾವು ಇಲ್ಲಿಗೆ ಹೊತ್ಕಬಂದಿದ್ರಲ್ಲಿ ಅದೊಂದಾದ್ರೂ ಬೇರು ಬುಡ್ತಲ್ಲ."

ಕಾರು ತಿರುವಿನಲ್ಲಿ ಮರೆಯಾಯಿತು. ನಾನು ಬ್ರಷ್ಷು, ಬಕೆಟ್ಟು ತೆಗೆದುಕೊಂಡು ಕಕ್ಕಸು ತೊಳೆಯಲು ಹೋದೆ, ಒಳಗಿನಿಂದ ಚಿಲಕ ಹಾಕಿಕೊಂಡು ಅತ್ತೆ.